ತಾರಸಿ ಕೋಣೆಯ ಬಾಣಂತನ

ಕೆಂಡಕ್ಕೆ ಬಿದ್ದ ಸಾಂಬ್ರಾಣಿಯ ವಾಸನೆ ಎಲ್ಲಿ ಮೂಗಿಗೆ ತಾಗಿದರೂ ನಾನು ಮೊದಲು ಕಿಟಕಿ ಹುಡುಕುತ್ತೇನೆ. ಭೀಮನಬೀಡಿನ ನಮ್ಮ ಮನೆಯಲ್ಲಿ ಅಜ್ಜಿ ಕಾಲ ಬದಲಾಗುವುದನ್ನು ಗಾಳಿಯಿಂದಲೇ ಗುರುತಿಸುತ್ತಿದ್ದಳು. ಮಳೆ ಮುಗಿದು ಮೂಡಗಾಳಿ ಎದ್ದಿತೆಂದರೆ ಮಜ್ಜಿಗೆ ನಿಲ್ಲುತ್ತಿತ್ತು. ಹುರುಳಿಸಾರು, ಮೆಣಸಿನ ಕಷಾಯ ಶುರುವಾಗುತ್ತಿದ್ದವು. ಮಲಗುವ ಮುಂಚೆ ನಮ್ಮ ಅಂಗಾಲಿಗೆ ಬೆಚ್ಚಗಿನ ಹರಳೆಣ್ಣೆ ಬೀಳುತ್ತಿತ್ತು. ಆ ಗಾಳಿ ಮೈ ಹೊಕ್ಕರೆ ಬದುಕಿಡೀ ಕೀಲುನೋವು ಎಂದು ಅವಳು ನಂಬಿದ್ದಳು. ನಾವೂ ನಂಬಿದ್ದೆವು.

ನಾನು ಐದನೇ ಕ್ಲಾಸಿನಲ್ಲಿದ್ದ ವರ್ಷ, ಆ ಗಾಳಿ ಎದ್ದ ವಾರವೇ ಅಪ್ಪನ ತಂಗಿ, ನನ್ನ ಸಣ್ಣತ್ತೆ, ಚೊಚ್ಚಲ ಹೆತ್ತು ಗುಂಡ್ಲುಪೇಟೆ ಆಸ್ಪತ್ರೆಯಿಂದ ಮನೆಗೆ ಬಂದಳು. ಹೆಂಚಿನ ಮನೆಯ ಪಕ್ಕ ಅಪ್ಪ ಹೊಸದಾಗಿ ಕಟ್ಟಿಸಿದ್ದ ತಾರಸಿ ಕೋಣೆ ಬಾಣಂತಿಯ ಪಾಲಾಯಿತು. ಅಜ್ಜಿ ಕಿಟಕಿಯ ಸಂದಿಗೆಲ್ಲ ಹಳೇ ಸೀರೆ ತುರುಕಿ, ಮಂಚದ ಪಕ್ಕ ಬಾಂಡ್ಲಿಯಲ್ಲಿ ಇದ್ದಿಲ ಕೆಂಡ ಇಟ್ಟು ಸಾಂಬ್ರಾಣಿ ಹಾಕಿದಳು. ಮಧ್ಯಾಹ್ನ ಸಣ್ಣತ್ತೆ ತಲೆನೋವೆಂದಳು. "ನೋಡ್ದಾ, ಗಾಳಿ ಆಗ್ಲೇ ತಲೆಗೇರ್ಬುಟ್ಟದೆ," ಎಂದು ಅಜ್ಜಿ ಇನ್ನಷ್ಟು ಕೆಂಡ ಸುರಿದಳು. ಸಣ್ಣತ್ತೆ ವಾಂತಿ ಮಾಡಿದಳು. ಬಾಗಿಲಲ್ಲಿ ನಿಂತ ಅಮ್ಮ ಮೆಲ್ಲಗೆ, "ಒಂದ್ ಕಿಟ್ಕಿನಾರ ತಗೀಲಾ ಅತ್ತೆ?" ಎಂದಳು.

"ನಿನ್ ಬಾಣ್ತನ್ದಲ್ಲಿ ನಾ ಕಿಟ್ಕಿ ತಗ್ದಿದ್ನಾ? ಗುಂಡ್ಕಲ್ಲಂಗೆ ನಿಂತ್ಕಂಡು ನಂಗೇ ಏಳ್ಕೊಡಕ್ ಬಂದ್ಬುಟ್ಲು!"

ಅಮ್ಮನ ಬಾಣಂತನ ನಡೆದದ್ದು ಹೆಂಚಿನ ಕೆಳಗೆ. ಹೊಗೆಗೆ ಅಲ್ಲಿ ಸಂದುಸಂದಿನಲ್ಲೂ ದಾರಿಯಿತ್ತು. ತಾರಸಿಗೆ ಒಂದೂ ಇರಲಿಲ್ಲ. ಆ ಹೊತ್ತಿಗೆ ಅದು ಯಾರಿಗೂ ಹೊಳೆಯಲಿಲ್ಲ.

ಮಗುವಿನ ಅಳು ನಿಂತಿತು. "ನಿದ್ದೆ ಬಂತು ಕಣ," ಎಂದ ಅಜ್ಜಿ ಮಗಳನ್ನು ಕರೆದಳು. ಕೆನ್ನೆ ತಟ್ಟಿದಳು. ತಲೆ ಒಂದು ಕಡೆಗೆ ಹೊರಳಿತು. ಅಮ್ಮ ಮಗುವನ್ನು ಬಾಚಿಕೊಂಡು ಹೊರಗೆ ಓಡಿದಳು. ಅಜ್ಜಿ ತಾನೇ ತುರುಕಿದ್ದ ಸೀರೆಗಳನ್ನು ಕಿತ್ತೆಸೆದು, ಮಗಳ ಕಂಕುಳಿಗೆ ಕೈ ಹಾಕಿ ಎಳೆದಳು. "ಕಾಲ್ ಇಡ್ಕಳಮ್ಮಿ!" ಎಂದು ನನ್ನತ್ತ ಕಿರುಚಿದಳು. ಹಿಡಿದೆ. ಮೂಡಗಾಳಿ ನೇರ ಬೀಸುತ್ತಿದ್ದ ಜಗಲಿಯಲ್ಲಿ ಮಲಗಿಸಿದೆವು. ಮೊದಲು ಮಗು ಅತ್ತಿತು. ಬಹಳ ಹೊತ್ತಾದ ಮೇಲೆ, ಆಟೋ ಬರುವಷ್ಟರಲ್ಲಿ, ಸಣ್ಣತ್ತೆ ಕಣ್ಣು ಬಿಟ್ಟಳು.

ಇಬ್ಬರೂ ಆಸ್ಪತ್ರೆಯಿಂದ ಮರಳಿದ ಮೇಲೆ ಅಜ್ಜಿ ಆ ಕೋಣೆಗೆ ಕಾಲಿಡಲಿಲ್ಲ. ಕಷಾಯವನ್ನು ಹೊಸ್ತಿಲಲ್ಲೇ ಇಟ್ಟು ಬರುತ್ತಿದ್ದಳು. ಮಗುವನ್ನು ಮುಟ್ಟುತ್ತಿರಲಿಲ್ಲ. ಗಾಳಿಯ ಮಾತನ್ನೇ ಬಿಟ್ಟಳು. ಈಗ ಅವಳಿಲ್ಲ, ಹೆಂಚಿನ ಮನೆಯೂ ಇಲ್ಲ. ಯಾವ ಗಾಳಿ ಎದ್ದಿದೆ ಎಂದು ಹೇಳುವವರು ನಮ್ಮಲ್ಲಿ ಉಳಿದಿಲ್ಲ. ಆ ಬಾಣಂತನದ ಒಂದು ಬೆಳಿಗ್ಗೆ ಮಾತ್ರ ಕಣ್ಣಿಗೆ ಕಟ್ಟಿದೆ. ಎಳೆಬಿಸಿಲಿನಲ್ಲಿ ಸಣ್ಣತ್ತೆ ಮಗುವನ್ನು ತಂದು ಅಜ್ಜಿಯ ಮಡಿಲಿಗೆ ಹಾಕಿದಳು. "ಇಡ್ಕವ್ವ. ನಾ ಬದುಕಿವ್ನಿ. ಇವ್ನೂ ಅವ್ನೆ." ಗಾಳಿ ಬೀಸುತ್ತಲೇ ಇತ್ತು. ಅಜ್ಜಿ ಒಳಗೆ ನಡೆ ಎನ್ನಲಿಲ್ಲ. ಸೆರಗೆಳೆದು ಮಗುವಿನ ತಲೆ, ಕಿವಿ ಮುಚ್ಚಿದಳು, ಮೂಗನ್ನಷ್ಟೇ ಬಿಟ್ಟು.