ಕೊನೆಯ ಸಹಿ

ಗಾಳಿಬೀಡಿನ ಶಿಬಿರದಲ್ಲಿ ಮಗಳ ಟೆಂಟು ಹಾರಿಹೋಗಬಹುದಿತ್ತು. ಗಂಟು ಬಿಚ್ಚಿಕೊಂಡು ಅವಳು ಕಟ್ಟಿದ ಹಗ್ಗದ ಸೇತುವೆ ಕುಸಿಯಬಹುದಿತ್ತು. ಜ್ವರ ಬರಬಹುದಿತ್ತು, ಚಾರಣದ ದಾರಿಗೆ ಆನೆ ಅಡ್ಡ ನಿಲ್ಲಬಹುದಿತ್ತು. ಇವನ್ನೆಲ್ಲ ನಾನು ತಿಂಗಳ ಮುಂಚೆಯೇ ಕೂತು ಚಿಂತೆ ಮಾಡಿ ಮುಗಿಸಿದ್ದೆ. ಗೈಡ್ಸ್‌ನ ರಾಷ್ಟ್ರಪತಿ ಪುರಸ್ಕಾರದ ಪರೀಕ್ಷೆ ಹದಿನೆಂಟು ತುಂಬುವುದರೊಳಗೆ ಮುಗಿಯಬೇಕು. ಶಿಬಿರ ಮುಗಿಯುವ ಹೊತ್ತಿಗೆ ಅವಳಿಗೆ ಉಳಿಯುತ್ತಿದ್ದದ್ದು ಮೂರೇ ದಿನ.

ಅವಳು ಎಲ್ಲದರಲ್ಲೂ ಪಾಸಾದಳು. ಕೊನೆಯ ದಿನ ಕರೆತರಲು ಹೋದಾಗ, ಪರೀಕ್ಷಕಿ ಅರ್ಜಿಗೆ ಸಹಿ ಹಾಕುತ್ತಿದ್ದರು. ಪೆನ್ನು ಜಾರಿತು.

“ಇದನ್ನ ಲ್ಯಾಮಿನೇಷನ್ ಮಾಡ್ಸಿದ್ದು ಯಾರು?”

“ನಾನೇ ಮೇಡಂ. ನಮ್ಮಲ್ಲಿ ಥಂಡಿಗೆ ಕಾಗದಕ್ಕೆಲ್ಲ ಬೂಷ್ಟು ಹಿಡೀತದೆ, ಅದಕ್ಕೆ.”

“ಮತ್ತೆ ಸಹಿ ಎಲ್ಲಿ ಹಾಕ್ಲಿ, ನಿಮ್ಮ ಹಣೆ ಮೇಲಾ?”

ಹೊಸ ಅರ್ಜಿ ಕೊಡಿ ಎಂದೆ. ಅದಕ್ಕೆ ಕಾಲೇಜಿನ ಸಹಿಗಳೆಲ್ಲ ಮತ್ತೆ ಬೇಕಂತೆ. ಕಾಲೇಜಿಗೋ ದಸರಾ ರಜೆ. ನನಗೆ ಉರಿದುಹೋಯಿತು. ಐದು ದಿನ ಅವಳನ್ನು ಕಣ್ಣಾರೆ ನೋಡಿದವರಿಗೆ ಮಗುವಿಗಿಂತ ಕಾಗದವೇ ದೊಡ್ಡದಾಯಿತೇ ಎಂದು ಕೂಗಾಡಿದೆ. ಪಾಪ, ಆಕೆ ಮೇಲಿನವರಿಗೆ ಫೋನ್ ಕೂಡ ಮಾಡಿದರು. ಆಗುವುದಿಲ್ಲ ಎಂದರು ಅವರು.

“ಅವ್ರಿಗ್ಯಾಕಪ್ಪ ಬೈತೀಯ?” ಎಂದಳು ಮಗಳು.

ಪುರಸ್ಕಾರ ಕೈತಪ್ಪಿತು. ಇವತ್ತಿಗೂ ನೆನೆದರೆ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳುವಷ್ಟು ಸಿಟ್ಟು ಬರುತ್ತದೆ. ಜೆರಾಕ್ಸ್ ಅಂಗಡಿಯವನು ಮಷೀನಿಗೆ ಹಾಕುವ ಮುಂಚೆ, “ಸಹಿ ಎಲ್ಲ ಆಗಿದ್ಯಾ ಅಣ್ಣ?” ಎಂದು ಕೇಳಿದ್ದ. ಅರ್ಜಿ ಎಲ್ಲಿ ಒದ್ದೆಯಾಗುವುದೋ ಎಂಬ ಗಾಬರಿಯಲ್ಲಿ, ನೋಡದೆಯೇ ಹೂಂ ಅಂದಿದ್ದೆ.