ಎರಡನೇ ಗುಂಡು

ಅಕ್ಕನ ಮೊದಲ ಹಸು ಸತ್ತದ್ದು ಹಸಿವಿನಿಂದ. ಅದರ ಮುಂದೆ ಹಸಿ ಹುಲ್ಲಿತ್ತು, ಹಿಂಡಿ ಕಲಸಿದ ಬಾನಿ ಇತ್ತು; ಇಲ್ಲದಿದ್ದದ್ದು ಕೆಳದವಡೆ. ಅಕ್ಕನನ್ನು ಕೊಟ್ಟ ಊರು ಮಡಕಶಿರಾದಿಂದ ಅಮರಾಪುರದ ಕಡೆ ಹೋಗುವ ದಾರಿಯಲ್ಲಿದೆ. ಕಡಲೆಕಾಯಿ ಬಲಿಯುವ ಕಾಲಕ್ಕೆ ಅಲ್ಲಿ ಗುಡ್ಡದಿಂದ ಕಾಡುಹಂದಿಗಳು ಇಳಿಯುತ್ತವೆ, ಮತ್ತು ಅವುಗಳಿಗೆಂದು ಹೊಲದ ಬದುವಿನಲ್ಲಿ ನಾಟು ಬಾಂಬು ಇಡುತ್ತಾರೆ. ಸಿಡಿಮದ್ದಿನ ಒಂದು ಉಂಡೆ, ಮೇಲೆ ತಿನ್ನುವ ವಸ್ತುವಿನ ಲೇಪ. ಕಚ್ಚುವ ಬಾಯಿ ಹಂದಿಯದೋ ಹಸುವಿನದೋ ಎಂಬ ಭೇದ ಅದಕ್ಕಿಲ್ಲ. ಅಕ್ಕನ ಹಸು ಬಾನಿಯ ಮುಂದೆ ನಿಂತೇ ಒಣಗಿತು. ಊರಿನವರು ಬಂದು ನೋಡಿ, ಅಯ್ಯೋ ಎಂದು ಹೋದರು. ಅದನ್ನು ಕೊಲ್ಲುವಷ್ಟು ಕರುಣೆ ಯಾರಲ್ಲೂ ಇರಲಿಲ್ಲ.

ನಾನು ರಾಯದುರ್ಗದವನು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನಾನು ಕಲಿತದ್ದು, ಎದುರಾಳಿಯ ಅಗತ್ಯವನ್ನು ಒಪ್ಪಿಕೊಂಡೇ ವಾದವನ್ನು ಆರಂಭಿಸಬೇಕೆಂಬುದು. ಆದುದರಿಂದ ಅಕ್ಕನ ಊರಿಗೆ ಹೋಗಿ, ಬೆಳಿಗ್ಗೆ ಎಲ್ಲರೂ ಹಾಲಿನ ಕ್ಯಾನು ಹಿಡಿದು ಸೇರುವ ಡೈರಿಯ ಮುಂದೆ ನಿಂತು, ಹಂದಿಯನ್ನು ಕೊಲ್ಲಬೇಡಿ ಎಂದು ನಾನು ಹೇಳಲಿಲ್ಲ. ಕೊಲ್ಲಲೇಬೇಕಾದರೆ ಒಂದೇ ಕ್ಷಣದಲ್ಲಿ ಸಾಯುವಂತೆ ಕೊಲ್ಲಿ ಎಂದೆ. ಅರಣ್ಯ ಇಲಾಖೆಯಿಂದ ಅನುಮತಿ ಪಡೆದು, ಲೈಸೆನ್ಸ್ ಇರುವವನು ಒಳ್ಳೆಯ ರೈಫಲಿನಿಂದ ಹೊಡೆಯಲಿ. ಬಾಯಿ ಸಿಡಿಸಿ, ಗುಡ್ಡಕ್ಕೆ ಓಡಿಸಿ, ವಾರಗಟ್ಟಲೆ ಕೊಳೆಯಿಸುವುದು ಬೇಸಾಯವಲ್ಲ, ಚಿತ್ರಹಿಂಸೆ ಎಂದೆ. ಪಾಠ ಹೇಳಿದವನಲ್ಲದಿದ್ದರೂ ಆ ದಿನದಿಂದ ನಾನು ಆ ಊರಿಗೆ ಮೇಷ್ಟ್ರಾದೆ.

ಅಕ್ಕನ ಪಕ್ಕದ ಹೊಲದವನೇ ಊರಿಗೆಲ್ಲ ಬಾಂಬು ಕಟ್ಟಿಕೊಡುತ್ತಿದ್ದವನು. ಅವನು ಕ್ಯಾನು ಕೆಳಗಿಟ್ಟು ಎದ್ದ. "ಹಂದಿಗೆ ಒಳ್ಳೆ ಸಾವು ಬೇಕು ಅಂತೀರ, ಮೇಷ್ಟ್ರೇ. ನಮ್ಮಪ್ಪಂಗೇ ಸಿಗಲಿಲ್ಲ ಕಣ್ರೀ ಅದು!"

ಡೈರಿಯೆಲ್ಲ ನಕ್ಕಿತು. ಆದರೂ ಕೊನೆಗೆ ಒಪ್ಪಂದವಾಯಿತು. ಊರಿನಲ್ಲಿ ಬಂದೂಕಿನ ಲೈಸೆನ್ಸ್ ಇದ್ದದ್ದು ಅಕ್ಕನ ಗಂಡ, ನನ್ನ ಭಾವನವರಿಗೆ ಮಾತ್ರ. ಅವರ ತಂದೆಯ ಕಾಲದ ಮದ್ದು ತುಂಬುವ ಕೋವಿ ತುಕ್ಕು ಹಿಡಿದು ಮೂಲೆ ಸೇರಿತ್ತು. ಅವರು ಸರಿಯಾದ ರೈಫಲ್ ತಂದು ಹೊಲಗಳನ್ನು ಕಾಯುವಷ್ಟು ಕಾಲ ಯಾರೂ ಬಾಂಬು ಇಡಕೂಡದು ಎಂಬುದೇ ಆ ಒಪ್ಪಂದ. ಅಕ್ಕನಿಗೆ ಈ ಮಾತು ಬೇಕಾಗಿತ್ತು. ಸತ್ತ ಹಸುವಿನ ಕರು ಈಗ ಬೆಳೆದು ಕಡಸಾಗಿ ಮೊದಲ ಸಲ ಗಬ್ಬವಾಗಿತ್ತು. "ಇದನ್ನ ಮಂದಿ ಹೊಲಕ್ಕ ಬಿಡೂದಿಲ್ಲ," ಎಂದಳು ಅಕ್ಕ. ಮದುವೆಯಾಗಿ ಎಷ್ಟು ವರ್ಷವಾದರೂ ಅವಳ ಮಾತು ರಾಯದುರ್ಗದ್ದೇ. "ನಮ್ಮ ಹೊಲದ ಬದುವಿಗಷ್ಟ ಕಟ್ತೀನಿ. ಅಲ್ಲಿ ಬಂದೂಕ ಇರ್ತದ, ಬಾಂಬ್ ಇರೂದಿಲ್ಲ."

ರೈಫಲನ್ನು ಆರಿಸುವುದೆಂದರೆ ಮೊದಲು ಬೋರನ್ನು, ಅಂದರೆ ನಳಿಗೆಯ ಒಳ ಅಳತೆಯನ್ನು, ಆರಿಸುವುದು. ಒಂದು ಬೋರಿನ ರೈಫಲಿಗೆ ಇನ್ನೊಂದರ ಗುಂಡು ಆಗುವುದಿಲ್ಲ. ನಮ್ಮಲ್ಲಿ ಸಾಮಾನ್ಯವಾಗಿ ಕಾಣುವುದು ತ್ರೀ ಫಿಫ್ಟೀನ್. ಅದರ ಗುಂಡು ಸರ್ಕಾರಿ ಕಾರ್ಖಾನೆಯಲ್ಲಿ ತಯಾರಾಗುತ್ತದೆ, ಲೈಸೆನ್ಸ್ ತೋರಿಸಿದರೆ ಅಂಗಡಿಯಲ್ಲಿ ಸಿಗುತ್ತದೆ. ನಾನು ಹೇಳಿದ್ದು ಅದನ್ನೇ. ಆದರೆ ಹೊಸದರ ಬೆಲೆ ಕೇಳಿ ಭಾವನವರ ಮುಖ ಇಳಿದಿತ್ತು. ಅಷ್ಟರಲ್ಲಿ ರಾಯದುರ್ಗದಲ್ಲಿ ಅಗ್ಗಕ್ಕೆ ಒಂದು ರೈಫಲ್ ಇದೆಯೆಂದು ಯಾರೋ ಅವರಿಗೆ ಹೇಳಿದರು.

ಮಾರುವವರು ಗಣಿ ಗುತ್ತಿಗೆ ಮಾಡಿ ಬಿಟ್ಟ ಹಿರಿಯರು. ಕೋಟೆ ಗುಡ್ಡದ ಬುಡದಲ್ಲಿ, ಜೀನ್ಸ್ ಹೊಲಿಯುವ ಯಂತ್ರಗಳು ಹಗಲೆಲ್ಲ ಸದ್ದು ಮಾಡುವ ಓಣಿಯಲ್ಲಿ ಅವರ ಮನೆ.

"ಬರ್ರಿ, ಒಳಗ ಬರ್ರಿ, ಕುಂದರ್ರಿ," ಎಂದು ಅವರು ರೈಫಲನ್ನು ರೇಷ್ಮೆ ಪಂಚೆಯಿಂದ ಬಿಡಿಸಿ ಭಾವನವರ ತೊಡೆಯ ಮೇಲಿಟ್ಟರು. "ತೀರಿಹೋದ ನಮ್ಮ ಅಣ್ಣಾರದು. ಬೊಮ್ಮನಹಾಳ ಕಡೆ ಗದ್ದಿಗೆ ಬೀಳೋ ಹಂದಿ ಇದರ ಸಪ್ಪಳಕ್ಕ ದಿಕ್ಕ ತಪ್ತಿದ್ದುವು."

"ಯಾವ ಬೋರ್ ರೀ?" ನಾನು ಕೇಳಿದೆ.

"ಟೂ ಸೆವೆಂಟಿಫೈವ್. ಬಿಳೇ ದೊರೆಗಳ ಕಾಲದ್ದು. ಇಡೀ ಜಿಲ್ಲಾದಾಗ ಇಂಥಾದ್ದು ಇನ್ನೊಂದ ತೋರಸ್ರಿ, ನೋಡೂಣು."

"ಇನ್ನೊಂದು ಇಲ್ಲ ಅಂದ್ರ, ಗುಂಡೂ ಇಲ್ಲ ಅಂತನ ಅಲ್ರಿ?"

ಹಿರಿಯರು ನನ್ನನ್ನು ಬಿಟ್ಟು ಭಾವನವರ ಕಡೆ ತಿರುಗಿದರು. "ಇವರು ಯಾರ್ರಿ, ವಕೀಲರಾ?"

"ನನ್ ಬಾಮೈದ," ಎಂದರು ಭಾವ. "ಹಂದಿ ಪರವಾಗಿ ವಾದ ಮಾಡ್ತವ್ನೆ."

ಇಬ್ಬರೂ ನಕ್ಕರು. ನಾನು ನಗಲಿಲ್ಲ. ರೈಫಲ್ ಸುಂದರವಾಗಿತ್ತೆಂಬುದನ್ನು ನಾನು ಅಲ್ಲಗಳೆಯಲಾರೆ. ಹಿಡಿಯ ಮರ ಹಳೆಯ ಬೆಲ್ಲದ ಬಣ್ಣಕ್ಕೆ ತಿರುಗಿತ್ತು, ನಳಿಗೆಯಲ್ಲಿ ಒಂದು ಚುಕ್ಕೆ ತುಕ್ಕು ಇರಲಿಲ್ಲ. ಆದರೆ ಜೊತೆಗೆ ಬರುತ್ತಿದ್ದದ್ದು ಅರ್ಧ ಖಾಲಿಯಾದ ಒಂದು ಡಬ್ಬಿ ಗುಂಡು ಮಾತ್ರ. ಈ ಬೋರಿನ ಗುಂಡನ್ನು ಇಲ್ಲಿ ಯಾರೂ ತಯಾರಿಸುವುದಿಲ್ಲ. ಹೊರದೇಶದಿಂದ ಬಂದದ್ದು ಎಲ್ಲೋ ಯಾರ ಬಳಿಯೋ ಉಳಿದಿದ್ದರೆ ಉಂಟು. ಅಗ್ಗವಾಗಲು ಕಾರಣವೂ ಅದೇ. ನಾನು ಭಾವನವರಿಗೆ ಅಲ್ಲಿಯೇ ಹೇಳಿದೆ: ರೈಫಲಿನ ಬೆಲೆಯನ್ನು ನಳಿಗೆ ನೋಡಿ ಕಟ್ಟಬಾರದು, ಎರಡನೆಯ ಗುಂಡು ನೋಡಿ ಕಟ್ಟಬೇಕು. ಮೊದಲನೆಯ ಗುಂಡು ಬೆಳೆಗಾಗಿ, ಎರಡನೆಯದು ಪ್ರಾಣಿಗಾಗಿ. ಮೊದಲನೆಯದು ಗುರಿ ತಪ್ಪಿ ಗಾಯ ಮಾತ್ರ ಮಾಡಿದಾಗ, ಎರಡನೆಯದನ್ನು ಕೊಡಲು ಕೈ ಹಿಂಜರಿದರೆ ಬಾಂಬಿಗೂ ಇದಕ್ಕೂ ಏನು ವ್ಯತ್ಯಾಸ?

ಹಿರಿಯರು ಕೇಳಿಸಿಕೊಂಡು, ನಿಧಾನವಾಗಿ ಎಲೆಗೆ ಸುಣ್ಣ ಹಚ್ಚಿದರು. "ಎರಡನೇ ಗುಂಡ ಕೇಳಾವ ಬಂದೂಕ ಹಿಡೀಬಾರದ್ರಿ. ಕೋಲ ಹಿಡೀಬೇಕು."

ಆ ಒಂದು ಮಾತಿಗೆ ಭಾವ ಬೆನ್ನು ನೆಟ್ಟಗೆ ಮಾಡಿ ಕುಳಿತರು. ನನ್ನ ವಾದ ಅಲ್ಲಿಗೆ ಸತ್ತಿತು. ಗಂಡಸಿನ ಬೆನ್ನನ್ನು ನೆಟ್ಟಗೆ ಮಾಡುವ ಮಾತಿಗೆ ಉತ್ತರ ಕೊಡುವುದನ್ನು ಯಾವ ಚರ್ಚಾಸ್ಪರ್ಧೆಯಲ್ಲೂ ಕಲಿಸುವುದಿಲ್ಲ.

ರಾಯದುರ್ಗವೂ ಮಡಕಶಿರಾವೂ ಈಗ ಬೇರೆ ಬೇರೆ ಜಿಲ್ಲೆಗಳಿಗೆ ಸೇರಿರುವುದರಿಂದ ಎರಡು ಕಡೆಯ ಕಚೇರಿಗಳನ್ನೂ ಸುತ್ತಬೇಕಾಯಿತು. ರೈಫಲ್ ಮನೆ ಸೇರುವಷ್ಟರಲ್ಲಿ ದಸರೆ ಬಂದಿತ್ತು, ಕಡಲೆಕಾಯಿ ಕೀಳಲು ಸಿದ್ಧವಾಗಿತ್ತು. ಆಯುಧಪೂಜೆಯ ದಿನ ಭಾವ ಟ್ರ್ಯಾಕ್ಟರಿಗೂ ನೇಗಿಲಿಗೂ ಹೂ ಮುಡಿಸಿ, ರೈಫಲನ್ನು ಮಣೆಯ ಮೇಲಿಟ್ಟು, ಡಬ್ಬಿಯ ಗುಂಡುಗಳನ್ನು ಬಾಳೆಲೆಯ ಮೇಲೆ ಸಾಲಾಗಿ ನಿಲ್ಲಿಸಿ ಒಂದೊಂದಕ್ಕೂ ಕುಂಕುಮವಿಟ್ಟರು. ತಿರುಗಿ ಡಬ್ಬಿಗೆ ಹಾಕುವಾಗ ಒಂದೊಂದನ್ನೂ ಕಣ್ಣಿಗೊತ್ತಿಕೊಂಡರು.

"ಹೊಡೀಲಿಕ್ಕೆ ತಂದಿದ್ದಲ್ರಿ ಅವು?" ಎಂದಳು ಅಕ್ಕ. "ಇಲ್ಲಾ ಪಲ್ಲಕ್ಕಿ ಮಾಡಸೂಣೇನು?"

ಹಬ್ಬಕ್ಕೆ ಬಂದ ನಾನು ಅಕ್ಕನ ಮನೆಯಲ್ಲೇ ಉಳಿದಿದ್ದೆ. ಹಬ್ಬ ಕಳೆದ ಮೇಲೆ ಒಂದು ಮುಂಜಾವು ಹೊಲದ ಕಡೆಯಿಂದ ರೈಫಲಿನ ಸದ್ದು ಬಂತು. ನಾನೂ ಅಕ್ಕನೂ ಓಡಿದೆವು. ಗಂಡು ಹಂದಿ, ಗುಂಡು ಬೆನ್ನುಮೂಳೆಗೆ ತಗುಲಿತ್ತು. ಹಿಂಗಾಲುಗಳು ಸತ್ತಿದ್ದವು, ಮುಂಗಾಲುಗಳು ಬದುಕಿದ್ದವು. ಅದು ಆ ಎರಡು ಕಾಲುಗಳಿಂದ ತನ್ನ ಉಳಿದ ದೇಹವನ್ನು ಹಿಪ್ಪುನೇರಳೆಯ ಸಾಲಿನ ಕಡೆಗೆ ಎಳೆದುಕೊಂಡು ಹೋಗುತ್ತಿತ್ತು. ಹಿಂದೆ ಕಡಲೆ ಬಳ್ಳಿಗಳು ಚಾಪೆ ಹಾಸಿದಂತೆ ಮಲಗಿದ್ದವು.

"ಭಾವ, ಇನ್ನೊಂದು ಹೊಡೀರಿ," ಎಂದೆ.

"ಯಾಕಪ್ಪಾ? ಬಿದ್ದೈತಲ್ಲ."

"ಸತ್ತಿಲ್ಲ."

"ಸಾಯ್ತೈತೆ ಬಿಡು." ಅವರು ಡಬ್ಬಿ ಇದ್ದ ಜೇಬನ್ನು ಅಂಗೈಯಿಂದ ಮುಚ್ಚಿಕೊಂಡರು. "ಸಾಯೋದಕ್ಕೆ ಗುಂಡು ದಂಡ ಮಾಡಕಾಯ್ತದಾ? ಇದೇನು ಕಡ್ಲೆಬೀಜ ಅನ್ಕಂಡ್ಯಾ, ಹಿಡಿ ಹಿಡಿ ಚೆಲ್ಲಕೆ?"

ಡೈರಿಗೆ ಹೊರಟಿದ್ದವರು ಗಾಡಿ ನಿಲ್ಲಿಸಿ ಬಂದರು. ಮೊದಲು ವಿಡಿಯೋ ಮಾಡಿದರು. ಅನಂತರ ಹೆಂಟೆ ಎಸೆದರು. ಹೆಂಟೆ ತಗುಲಿದಾಗಲೆಲ್ಲ ಹಂದಿ ತಲೆಯೆತ್ತಿ ಕಿರುಚುತ್ತಿತ್ತು. ಅದು ಕಿರುಚಿದಂತೆಲ್ಲ ಎಸೆಯುವವರಿಗೆ ಉಮೇದು ಬರುತ್ತಿತ್ತು. ನಾನು ನಡುವೆ ನಿಂತು ಮಾತನಾಡಿದೆ. ನನ್ನ ಕಾಲಿಗೂ ಒಂದು ಹೆಂಟೆ ಬಿತ್ತು. ಬಿಸಿಲೇರಿ, ಅವರು ಬೇಸತ್ತು ಮನೆಗೆ ಹೋದ ಎಷ್ಟೋ ಹೊತ್ತಿನ ಮೇಲೆ ಅದು ಸತ್ತಿತು. ಸಾಯುವವರೆಗೂ ನಾನು ಅಲ್ಲಿಯೇ ಇದ್ದೆ. ಅಗ್ಗದ ಬೋರನ್ನು ಆರಿಸಿದ ದಿನವೇ ಈ ಸಾವು ಎಷ್ಟು ಉದ್ದವಿರಬೇಕೆಂಬುದೂ ನಿಶ್ಚಯವಾಗಿತ್ತು.

ಅದಾದ ಮೇಲೆ ಭಾವ ಮೊದಲನೆಯ ಗುಂಡನ್ನೂ ಹಾರಿಸಲಿಲ್ಲ. ರೈಫಲ್ ಹಿಡಿದು ಹೊಲ ಕಾಯುವ ಮಂಚಿಕೆಯ ಮೇಲೆ ಕೂರುತ್ತಿದ್ದರು. ಹಂದಿ ಬಂದರೆ ಡಬ್ಬ ಬಡಿಯುತ್ತಿದ್ದರು. ಹಂದಿಗಳು ಅವರ ಹೊಲ ಬಿಟ್ಟು ಪಕ್ಕದ್ದಕ್ಕೆ ನುಗ್ಗುತ್ತಿದ್ದವು. ಡೈರಿಯ ಮುಂದೆ ಬಾಂಬಿನವನು ಅವರನ್ನು ಹಿಡಿದು ನಿಲ್ಲಿಸಿದ. "ಏನಣ್ಣಾ, ಕಾವು ಕೊಡ್ತಿದ್ದೀಯಾ ಆ ಗುಂಡ್‌ಗೆ? ಮರಿ ಆದ್ರೆ ನಂಗೂ ಒಂದು ಮಡಗಿರಣ್ಣ!"

ಭಾವ ಹಾಲಿನ ಚೀಟಿಯನ್ನೂ ಪಡೆಯದೆ ಹೊರಟುಬಂದರು.

ಮಾರನೆಯ ಬೆಳಕಿಗೆ ಹೊಲದ ಕಡೆಯಿಂದ ಒಂದು ಸಪ್ಪಳ ಕೇಳಿಸಿತು. ನಾವು ಹೋಗುವಷ್ಟರಲ್ಲಿ ಭಾವ ಒಂದು ಹಂದಿಯ ಪಕ್ಕ ನಿಂತಿದ್ದರು. ತಲೆಯನ್ನು ಕಡಿದು ಆಗಲೇ ಹೂತಿದ್ದರು. "ತಲೆಗೇ ಹೊಡ್ದೆ. ಒಂದೇ ಗುಂಡು," ಎಂದರು. ಊರು ಹೊಗಳಿತು. ಅಕ್ಕ ಕೂಡ ನಕ್ಕಳು. ನನ್ನ ಮಾತು ಉಳಿಯಿತಲ್ಲ ಎಂದು ನಾನೂ ಸಮಾಧಾನಪಟ್ಟೆ. ಆದರೆ ಭಾವ ಆ ದಿನವೆಲ್ಲ ಬದುವಿನ ಹುಲ್ಲಿನಲ್ಲಿ ಬಗ್ಗಿ ಬಗ್ಗಿ ಏನನ್ನೋ ಹುಡುಕುತ್ತಿದ್ದರು. ಕೇಳಿದ್ದಕ್ಕೆ, ಹಾರಿಸಿದ ಗುಂಡಿನ ಖಾಲಿ ಕೊಳವೆ ಬಿದ್ದಿದೆ ಎಂದರು. ಸಂಜೆಗೆ ಹುಡುಕುವುದನ್ನು ಬಿಟ್ಟರು.

ಮರುದಿನ ನಾನು ಡೈರಿಗೆ ಹಾಲು ಒಯ್ದಿದ್ದೆ. ನಮ್ಮ ಹೊಲದ ಕಡೆಯಿಂದ ಸಿಡಿದ ಸದ್ದು ಬಂತು. "ಮತ್ತೊಂದು ಹಂದಿ!" ಎಂದು ಯಾರೋ ಕೂಗಿದರು. ಬಾಂಬಿನವನು ಮಾತ್ರ ಕೂಗಲಿಲ್ಲ. ನನ್ನ ತೋಳು ಹಿಡಿದು ಪಕ್ಕಕ್ಕೆ ಎಳೆದ.

"ಮೇಷ್ಟ್ರೇ, ಅದು ಬಂದೂಕಲ್ಲ. ನನ್ನದು. ಮೊನ್ನೆ ನಿಮ್ಮ ಭಾವನೇ ಬಂದು ಎರಡು ತಗಂಡೋದ್ರು. ಒಂದು ಹಂದಿ ಕಚ್ತು. ಇನ್ನೊಂದು ಎತ್ಕಂಡ್ರೋ ಇಲ್ವೋ ಅಂತ ನಾನೂ ಕೇಳ್ಲಿಲ್ಲ, ಅವರೂ ಹೇಳ್ಲಿಲ್ಲ."

ಭಾವ ತಲೆ ಹೂತದ್ದು ಸಿಡಿದ ಬಾಯಿ ಕಾಣಬಾರದೆಂದು; ಹುಡುಕಿದ್ದು ಖಾಲಿ ಕೊಳವೆಯನ್ನಲ್ಲ, ಎರಡನೆಯ ಬಾಂಬನ್ನು. ಸಿಗದಿದ್ದಾಗ ಅಕ್ಕನಿಗೆ ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಿದ್ದರೆ ರೈಫಲಿನ ಮರ್ಯಾದೆ ಹೋಗುತ್ತಿತ್ತು. ಅಕ್ಕ ಎಂದಿನಂತೆ ಕಡಸನ್ನು ತಮ್ಮ ಹೊಲದ ಬದುವಿಗೆ, ಊರಿನಲ್ಲೆಲ್ಲ ಅಪಾಯವಿಲ್ಲದ ಆ ಒಂದೇ ಜಾಗಕ್ಕೆ ಕಟ್ಟಿದ್ದಳು.

ಕಡಸು ತನ್ನ ಕಾಲ ಮೇಲೆ ನಡೆದೇ ಮನೆಗೆ ಬಂತು. ಅಕ್ಕ ಅದನ್ನು ಕೊಟ್ಟಿಗೆಗೆ ಒಯ್ಯದೆ, ಅಂಗಳದಲ್ಲಿ, ಜಗುಲಿಗೆ ಎದುರಾಗಿ ಕಟ್ಟಿದಳು. ಬಾಯಿ ಇದ್ದ ಜಾಗದಿಂದ ನಾಲಿಗೆ ಜೋತಾಡುತ್ತಿತ್ತು. ಭಾವ ರೈಫಲ್ ತಂದರು, ಗುಂಡು ಹಾಕಿದರು, ಎತ್ತಿದರು, ಇಳಿಸಿದರು.

"ಹಸು ಕಣೇ ಅದು," ಎಂದರು. "ಗಬ್ಬದ ಹಸು. ಹೆಂಗೆ ಹೊಡೀಲಿ?"

"ಹಂದಿಗೂ ಹೊಡೀಲಿಲ್ಲ, ಹಸಕ್ಕೂ ಹೊಡಿಯೂದಿಲ್ಲ," ಎಂದಳು ಅಕ್ಕ. ಅವಳ ದನಿ ಏರಲಿಲ್ಲ. "ಮತ್ತ ಯಾರಿಗಂತ ಇಟ್ಟೀರಿ ಅವನ್ನ? ಕುಂದರ್ರಿ. ಗುಂಡ ಕಾದಂಗ ಇದನ್ನೂ ಕಾಯ್ರಿ."

ಭಾವ ಜಗುಲಿಯ ಮೇಲೆ ಕುಳಿತರು. ನಾನು ಮಡಕಶಿರಾದ ಪಶುವೈದ್ಯರಿಗೆ ಫೋನು ಮಾಡಿದೆ. ಇಂಜೆಕ್ಷನ್ ತರುತ್ತೇನೆ, ಬರುವುದು ಸ್ವಲ್ಪ ತಡವಾಗುತ್ತದೆ ಎಂದರು. ಅಕ್ಕನಿಗೆ ಹೇಳಿದೆ. ಬೇಡ ಎಂದಳು. ಆಗ ನಾನು ನನಗೆ ತಿಳಿದ ಎಲ್ಲ ನ್ಯಾಯವನ್ನೂ ಅವಳ ಮುಂದೆ ಇಟ್ಟೆ: ತಪ್ಪು ಮಾಡಿದವರು ಒಬ್ಬರು, ನೋಯುತ್ತಿರುವುದು ಇನ್ನೊಂದು, ಗಂಡನಿಗೆ ಕೊಡಬೇಕಾದ ಶಿಕ್ಷೆಯನ್ನು ಈ ಮೂಕಪ್ರಾಣಿಯ ದೇಹದ ಮೇಲೆ ಬರೆಯುವುದು ಧರ್ಮವಲ್ಲ, ಇವತ್ತು ನೀನು ಕರುಣೆಯನ್ನು ತಡೆದರೆ ನಿನಗೂ ಬಾಂಬು ಇಟ್ಟವರಿಗೂ ಭೇದ ಉಳಿಯುವುದಿಲ್ಲ. ಅವಳು ಒಂದು ಮಾತನ್ನೂ ಬಿಡದೆ ಕೇಳಿಸಿಕೊಂಡಳು.

"ಮುಗೀತೇನಪಾ?" ಎಂದಳು. "ಹಂಗಾದ್ರ ಆ ಬಾನಿಗೆ ನೀರ ಹಾಕು."

ನಾನು ನೀರು ಹಾಕಿದೆ. ಕಡಸು ನೀರಿನ ಸದ್ದಿಗೆ ಕಿವಿ ನಿಮಿರಿಸಿ, ಆಸೆಯಿಂದ ಮುಖವನ್ನು ಬಾನಿಗೆ ಇಳಿಸಿತು. ಎತ್ತಿತು. ಮತ್ತೆ ಇಳಿಸಿತು. ನೀರು ಕೆಂಪಾಯಿತೇ ಹೊರತು ಕಡಿಮೆಯಾಗಲಿಲ್ಲ. ಜಗುಲಿಯ ಮೇಲೆ ಭಾವ ಮುಖ ತಿರುಗಿಸಿದರು. "ಇತ್ತ ನೋಡ್ರಿ," ಎಂದಳು ಅಕ್ಕ. ಅವರು ನೋಡಿದರು.

ಮಧ್ಯಾಹ್ನ ಇಳಿದ ಮೇಲೆ ಬೀದಿಯ ಕೊನೆಯಲ್ಲಿ ಡಾಕ್ಟರ ಜೀಪು ತಿರುಗಿದ ಸದ್ದು ಕೇಳಿಸಿತು. ಅಕ್ಕ ಎದ್ದು ಹೋಗಿ ಗೇಟಿಗೆ ಒಳಗಿನಿಂದ ಬೀಗ ಹಾಕಿ, ಕೀಲಿಯನ್ನು ಸೆರಗಿಗೆ ಕಟ್ಟಿಕೊಂಡಳು. ಭಾವ ರೈಫಲನ್ನು ನೆಲಕ್ಕೆ ಬಿಟ್ಟು, ಎರಡೂ ಕೈ ಜೋಡಿಸಿ ಅವಳ ಮುಂದೆ ಬಂದು ನಿಂತರು.

"ತೆಗಿಯೇ. ನಿನ್ ಕಾಲು ಹಿಡೀತೀನಿ, ತೆಗಿಯೇ."

ಅಕ್ಕ ಬಾನಿಯ ಪಕ್ಕ ಹೋಗಿ ಕುಳಿತು, ಕಡಸಿನ ಕತ್ತನ್ನು ತನ್ನ ಹೆಗಲ ಮೇಲೆ ಎಳೆದುಕೊಂಡಳು.

"ಸಾಯ್ತದ ಬಿಡ್ರಿ," ಎಂದಳು.