ನೆಲಮಾಳಿಗೆಯಲ್ಲಿ ಕೇಳಿದ ತುಳು ಮಾತು

ಡೊಂಬಿವಲಿಯಲ್ಲಿ ಬೆಳಗಿನ ಲೋಕಲ್ ರೈಲು ಹತ್ತಿ ಬೆಳೆದವಳು ನಾನು. ಭೂತ, ಅಶರೀರವಾಣಿ ಇವಕ್ಕೆಲ್ಲ ಹೆದರಲು ನನಗೆ ಪುರುಸೊತ್ತೇ ಇರಲಿಲ್ಲ. ಯಾರಾದರೂ ಅಂಥ ಕಥೆ ಶುರುಮಾಡಿದರೆ ನಕ್ಕು ಎದ್ದುಹೋಗುತ್ತಿದ್ದೆ. ಈಗ ನೀವು ನಕ್ಕರೆ ನನಗೆ ಬೇಸರವಿಲ್ಲ.

ಠಾಣೆ ನಗರದ ಘೋಡಬಂದರ್ ರಸ್ತೆಯಲ್ಲಿ ನಮ್ಮ ಹೋಟೆಲಿದೆ. ಅಪ್ಪ ಅಲ್ಲಿ ಮೀನೂಟಕ್ಕೆ ಹೆಸರು ಮಾಡಿದ್ದರು. ನಾನು ವಹಿಸಿಕೊಂಡ ಮೇಲೆ ಅದರ ಜೊತೆ ಬಿಳಿ ವೈನ್ ಕೊಡಬೇಕೆಂದು ಹಟ ಹಿಡಿದೆ. ಕಾಣೆ ಮೀನಿನ ಫ್ರೈಗೆ ಹೊಂದುವ ವೈನ್ ಹುಡುಕುತ್ತ ಕೆಲವು ವರ್ಷಗಳ ಹಿಂದೆ ಫ್ರಾನ್ಸಿನ ಲುವಾರ್ ನದಿಯ ಕಣಿವೆಗೆ ಹೋದೆ. ಅಲ್ಲೊಂದು ವೈನರಿಯನ್ನು ಒಂದೇ ಕುಟುಂಬ ತಲೆಮಾರುಗಳಿಂದ ನಡೆಸುತ್ತಿತ್ತು. ಯಜಮಾನರ ಮಗಳು ಕ್ಲೇರ್ ನನ್ನದೇ ಪ್ರಾಯದವಳು.

ಅದು ದ್ರಾಕ್ಷಿ ಕೊಯ್ಲಿನ ಕಾಲ. ಸುಣ್ಣಕಲ್ಲಿನ ಗುಡ್ಡ ಕೊರೆದು ಮಾಡಿದ ನೆಲಮಾಳಿಗೆಯಲ್ಲಿ ಹೊಸ ರಸ ಹುದುಗು ಬರುತ್ತಿತ್ತು. ಊಟಕ್ಕೆ ಮುಂಚೆ ಅದನ್ನು ತೋರಿಸಲು ಕ್ಲೇರ್ ಕರೆದೊಯ್ದಳು. ಇಬ್ಬರೂ ಮೆಟ್ಟಿಲು ಇಳಿಯುತ್ತಿದ್ದಾಗ ಮೇಲಿನ ಬಾಗಿಲ ಕಡೆಯಿಂದ, ಡೊಂಬಿವಲಿಯಲ್ಲಿದ್ದ ನನ್ನ ಅಮ್ಮನ ದನಿ ಕೇಳಿತು.

“ಬಾಲೇ, ಪಿದಾಯಿ ಬಲ!”

ಮಗೂ, ಹೊರಗೆ ಬಾ ಎಂದು ತುಳುವಿನಲ್ಲಿ. ಚಿಕ್ಕಂದಿನಲ್ಲಿ ನಾನು ಮುನಿಸಿಕೊಂಡು ಚಿಲಕ ಹಾಕಿ ಕುಳಿತಾಗ ಕರೆಯುತ್ತಿದ್ದ ಅದೇ ಗಡಸು ದನಿ. ಯೋಚಿಸಲೂ ಇಲ್ಲ, ತಿರುಗಿ ಮೇಲಕ್ಕೆ ಓಡಿದೆ. ಕ್ಲೇರ್ ಹಿಂದೆಯೇ ಬಂದಳು. ಅಂಗಳದಲ್ಲಿ ಯಾರೂ ಇರಲಿಲ್ಲ.

ಅಷ್ಟರಲ್ಲಿ ತೋಟದಿಂದ ಬಂದ ಅವಳ ಅಪ್ಪ, ನೆಲಮಾಳಿಗೆಯ ಗಾಳಿ ಎಳೆಯುವ ಫ್ಯಾನ್ ನಿಂತದ್ದನ್ನು ಗಮನಿಸಿದರು. ಮೇಣದ ಬತ್ತಿಯನ್ನು ಕೋಲಿಗೆ ಕಟ್ಟಿ ಕೆಳಗೆ ಚಾಚಿದರು. ಅದು ತಟ್ಟನೆ ಆರಿತು. ಹುದುಗಿನಿಂದ ಏಳುವ ಉಸಿರುಗಟ್ಟಿಸುವ ಅನಿಲ ಕೆಳಗೆಲ್ಲ ತುಂಬಿತ್ತು. ಪೂರ್ತಿ ಇಳಿದಿದ್ದರೆ ನಾವು ಮೇಲೆ ಬರುತ್ತಿರಲಿಲ್ಲ.

ನನ್ನ ಭ್ರಮೆ ಎಂದು ತಳ್ಳಿಹಾಕುತ್ತಿದ್ದೆನೋ ಏನೋ. ಆದರೆ ಕ್ಲೇರ್ ಕೇಳಿದಳು, “ನಮ್ಮನ್ನು ಕರೆದ ಹೆಂಗಸು ಯಾರು? ‘ಬಲ’ ಅಂದರೆ ಏನು?”

ತುಳು ಎಂಬ ಭಾಷೆ ಇದೆಯೆಂದೂ ಅವಳಿಗೆ ಗೊತ್ತಿರಲಿಲ್ಲ.

ಕೂಡಲೇ ಡೊಂಬಿವಲಿಗೆ ಫೋನ್ ಮಾಡಿದೆ. ಅಮ್ಮ ಮಧ್ಯಾಹ್ನದ ನಿದ್ದೆಯಿಂದ ಎದ್ದು ಆಕಳಿಸಿದಳು. “ನಾನ್ಯಾಕೆ ಕರೀಲಿ ಮಾರಾಯ್ತಿ? ಮಲಗಿದ್ದೆ. ಕನಸೂ ಬೀಳಲಿಲ್ಲ. ಅಲ್ಲ, ನಾನು ಕರೆದರೆ ನೀನು ಯಾವತ್ತು ಒಂದೇ ಸಲಕ್ಕೆ ಬಂದದ್ದುಂಟು?”

ಕಳೆದ ವರ್ಷ ಕ್ಲೇರ್ ನಮ್ಮ ಹೋಟೆಲು ನೋಡಲು ಠಾಣೆಗೆ ಬಂದಳು. ಊಟಕ್ಕೆಂದು ಡೊಂಬಿವಲಿಯ ಮನೆಗೆ ಕರೆದೊಯ್ದೆ. ಅಮ್ಮ ಬಾಗಿಲು ತೆರೆದು, “ಬಲ ಮಗಾ, ಉಲಾಯಿ ಬಲ” ಎಂದು ಒಳಗೆ ಕರೆದಳು. ಕ್ಲೇರ್ ಹೊಸ್ತಿಲಲ್ಲೇ ನಿಂತುಬಿಟ್ಟಳು. ನನ್ನ ಕೈಯನ್ನು ನೋಯುವಷ್ಟು ಬಿಗಿಯಾಗಿ ಹಿಡಿದು, “ಇವರೇ” ಎಂದಳು.

“ಏನಾಯ್ತು ಇವಳಿಗೆ?” ಎಂದು ಅಮ್ಮ ನನ್ನ ಮುಖ ನೋಡಿದಳು. ಆ ದನಿ ಕೇಳಿದ್ದು ನಿಜ. ಅದರಲ್ಲಿ ನನಗೆ ಎಳ್ಳಷ್ಟೂ ಅನುಮಾನವಿಲ್ಲ. ಆದರೆ ಅಮ್ಮನಿಗೆ ಏನೆಂದು ಹೇಳಲಿ? ನನಗೆ ಇವತ್ತಿಗೂ ಗೊತ್ತಿಲ್ಲ.